ಬರಿದಾಗಿ ಬಾರದ ಬುಟ್ಟಿ

ಇಪ್ಪತ್ತರಲ್ಲಿ ಎಂಟು ಕಳೆದರೆ ಹನ್ನೆರಡು. ಪಾಟಿಯ ಮೇಲೆ ಅಂಕಿ ಬರೆದು ಕೊಟ್ಟರೆ ನನ್ನ ಮೂರನೆಯ ಇಯತ್ತೆಯ ಹುಡುಗಿಯರು ಇದನ್ನು ಕಣ್ಣುಮುಚ್ಚಿ ಮಾಡುತ್ತಿದ್ದರು. ಅದೇ ಲೆಕ್ಕವನ್ನು ಮಾತಿನಲ್ಲಿ ಹೇಳಿದೆನೋ, ಕೆಟ್ಟಿತು. ಒಬ್ಬ ತಾಯಿಯ ಹತ್ತಿರ ಇಪ್ಪತ್ತು ಬಾಳೆಹಣ್ಣು ಇದ್ದವು, ಎಂಟನ್ನು ಬುಟ್ಟಿಯಲ್ಲಿಟ್ಟು ನೆರೆಮನೆಗೆ ಕಳಿಸಿದಳು, ಈಗ ಅವಳ ಮನೆಯಲ್ಲಿ ಎಷ್ಟು ಎಂದು ಕೇಳಿದರೆ ಹದಿಮೂರು ಎನ್ನುತ್ತಿದ್ದರು. ಒಬ್ಬರಿಬ್ಬರಲ್ಲ, ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ. ಬಾಗಿಲ ಬಳಿ ಕೂಡುವ ಒಬ್ಬಳು ಮಾತ್ರ ಹದಿನಾಲ್ಕು ಎಂದಳು.

ಇದು ಖಾನಾಪುರದ ಹೆಣ್ಣುಮಕ್ಕಳ ಸಾಲೆಯ ಮಾತು. ಇಪ್ಪತ್ತರ ದಶಕ ಅರ್ಧ ಸರಿದಿತ್ತು, ನನಗೂ ಇಪ್ಪತ್ತಾರು ನಡೆದಿತ್ತು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಲಿಂಗವಂತರ ಮನೆಯ ಮಗಳು ನಾನು. ಹದಿಮೂರಕ್ಕೆ ಮದುವೆ. ಹತ್ತೊಂಬತ್ತಕ್ಕೆ, ಊರಿಗೆ ಊರೇ ಜ್ವರ ಬಂದು ಮಲಗಿದ ಆ ವರ್ಷ, ಗಂಡ ಹೋದರು. ಹದಿನೆಂಟು ದಿನ ಬಿಟ್ಟು ಮೂರು ತುಂಬಿದ್ದ ಮಗಳೂ ಹೋದಳು. ಇಷ್ಟನ್ನೂ ಹೀಗೆ ಗಡಿಬಿಡಿಯಲ್ಲಿ ಹೇಳುತ್ತಿದ್ದೇನೆಂದು ಓದುವವರಿಗೆ ಅನಿಸಬಹುದು. ನನ್ನ ಒಳಗೂ ಅದು ಇಷ್ಟೇ ಇತ್ತು. ಅಳು ಬರಲಿಲ್ಲ. ಮಂದಿ ನನ್ನನ್ನು ಗಟ್ಟಿ ಹೆಂಗಸು ಎಂದರು, ನನ್ನ ಅವ್ವ ಮಾತ್ರ ನನ್ನ ಮುಖ ನೋಡಿ ಹೆದರಿದಳು.

ಅಪ್ಪ ವ್ಯವಹಾರದ ಮನುಷ್ಯ. ಮಗಳು ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತ ಸಾಯುವುದು ಬೇಡವೆಂದು ಸಾಲೆ ಕಲಿಸುವ ಟ್ರೇನಿಂಗಿಗೆ ಕಳಿಸಿದರು. ನಾನು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಕಲಿಸಿದ್ದನ್ನು ಕಲಿತೆ, ಪರೀಕ್ಷೆ ಪಾಸಾದೆ, ಖಾನಾಪುರಕ್ಕೆ ಹೋಗು ಎಂದು ಹುಕುಂ ಬಂತು, ಹೋದೆ. ಟ್ರಂಕಿನಲ್ಲಿ ನಾಲ್ಕು ಸೀರೆ, ಎರಡು ಪಾತ್ರೆ, ಒಂದು ಪುಟ್ಟ ಬಿದಿರಿನ ಬುಟ್ಟಿ. ಅದು ಮಗಳ ಆಟದ ಬುಟ್ಟಿ, ಅಂಗೈಯಗಲ ಇತ್ತು. ಅದನ್ನು ಏಕೆ ಇಟ್ಟುಕೊಂಡೆನೋ ಹೇಳಲಾರೆ. ಯಾರಾದರೂ ಆಗ ಕೇಳಿದ್ದರೆ ಸೂಜಿದಾರ ಹಾಕಿಡಲಿಕ್ಕೆ ಎನ್ನುತ್ತಿದ್ದೆ.

ಸಾಲೆ ಎಂದರೆ ಒಂದು ಬಾಡಿಗೆ ಮನೆಯ ಪಡಸಾಲೆ. ದೊಡ್ಡ ಅಕ್ಕೋರು ಚಿಕ್ಕ ಮಕ್ಕಳಿಗೆ ಒಂದು ಮಗ್ಗುಲಲ್ಲಿ ಮಗ್ಗಿ ಹೇಳಿಸುತ್ತಿದ್ದರು, ನಾನು ಇನ್ನೊಂದು ಮಗ್ಗುಲಲ್ಲಿ ಮೂರನೆಯ ಇಯತ್ತೆ ನೋಡುತ್ತಿದ್ದೆ. ಹುಡುಗಿಯರು ನನ್ನನ್ನು ಸಣ್ಣ ಅಕ್ಕೋರು ಎನ್ನುತ್ತಿದ್ದರು. ಅರ್ಧ ಮಂದಿಗೆ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಎರಡೂ, ಸಾಲೆಯಲ್ಲಿ ಕನ್ನಡ. ಅವರ ತಾಯಂದಿರು ದಾರಿಯಲ್ಲಿ ಸಿಕ್ಕರೆ ಬರ್ರಿ ಅಕ್ಕೋರ ಎಂದು ಬಾಯಿತುಂಬ ಕರೆಯುತ್ತಿದ್ದರು. ಕರೆಯುವಾಗಲೇ ಒಂದು ಹೆಜ್ಜೆ ಆಚೆ ಸರಿಯುತ್ತಿದ್ದರು. ಬಳೆಯಿಲ್ಲದ ಕೈ ಬೆಳಗ್ಗೆ ಬೆಳಗ್ಗೆ ಎದುರಾಗುವುದು ಯಾರಿಗೆ ತಾನೇ ಬೇಕು. ನನಗೆ ಅದರಿಂದ ನೋವಾಯಿತೆಂದರೆ ಸುಳ್ಳಾದೀತು. ನೋವಾಗಲಿಕ್ಕೂ ಒಳಗೆ ಒಂದಿಷ್ಟು ಜೀವ ಬೇಕಾಗುತ್ತದೆ.

ನಾನು ಹೇಳಹೊರಟ ಹುಡುಗಿ ಕಣಕುಂಬಿಯವಳು. ಅಪ್ಪ ಜಂಗಲ್ ಖಾತೆಯಲ್ಲಿ ಗಾರ್ಡು. ಅಲ್ಲಿ ಕಾಡು, ಮಳೆ, ಹತ್ತಾರು ಮನೆ, ಹೆಣ್ಣುಮಕ್ಕಳಿಗೆ ಸಾಲೆ ಇಲ್ಲ. ತಾಯಿ ಇರಲಿಲ್ಲ, ಬೆಳೆಸಿದ್ದು ಅಜ್ಜಿ. ಖಾನಾಪುರದಲ್ಲಿದ್ದ ಸೋದರತ್ತೆಯ ಮನೆಯಲ್ಲಿಟ್ಟು ಓದಿಸುತ್ತಿದ್ದರು. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಸಾಲೆ ಬಿಟ್ಟ ಮೇಲೆ ನಾನು ಯಾರನ್ನಾದರೂ ಲೆಕ್ಕಕ್ಕೆ ನಿಲ್ಲಿಸಿಕೊಂಡರೆ ಈ ಹುಡುಗಿ ಬಾಗಿಲ ಕಡೆಯ ಬಿಸಿಲನ್ನೇ ನೋಡುತ್ತಿದ್ದಳು. ಬಿಸಿಲು ಹೊಸ್ತಿಲು ಬಿಟ್ಟು ಇಳಿಯಿತೆಂದರೆ ಅತ್ತೆ ಎಲೆ ಹಾಕಿ ಕಾಯುತ್ತಾಳೆ ಎಂದು ಓಡುತ್ತಿದ್ದಳು.

ಅವಳ ಅಪ್ಪ ಮಗಳನ್ನು ಬಿಟ್ಟು ಹೋಗುವಾಗ ಒಂದು ಷರತ್ತು ಹಾಕಿದ್ದ. ವರ್ಷ ವರ್ಷ ಪಾಸಾದರೆ ಇರಲಿ. ಒಂದು ಸಲ ನಪಾಸಾದರೆ ಗಾಡಿ ಕಳಿಸಿ ಕರೆಸಿಕೊಳ್ಳುತ್ತೇನೆ, ಅಜ್ಜಿಗೆ ಕೈಯಾಸರೆಯಾಗಿ ಇರಲಿ, ಗಂಡು ಹುಡುಕಿದರಾಯಿತು. ಅತ್ತೆ ಇದನ್ನು ನನಗೆ ಹೇಳಿದಾಗ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಓದಿನ ಹುಚ್ಚು. ಗೋಡೆಗೆ ಅಂಟಿಸಿದ ರದ್ದಿ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಅಂಗಡಿಯ ಹಲಗೆ, ಮಸಾಲೆ ಕಟ್ಟಿದ ಪುಡಿಕೆ, ಏನು ಸಿಕ್ಕರೂ ಸರಿ. ಅವಳ ಪಾಲಿಗೆ ಸಾಲೆ ಬಿಡುವುದೆಂದರೆ ಓದುವುದೇ ನಿಂತಂತೆ, ಕಣಕುಂಬಿಯಲ್ಲಿ ಓದಲಿಕ್ಕೆ ಒಂದು ಪುಡಿಕೆಯೂ ಇರಲಿಲ್ಲ.

ಇನ್ನು ಹದಿಮೂರರ ವಿಷಯ. ಮೊದಲ ವಾರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗಿಯರು ಒಬ್ಬರ ಬಾಯಿ ಒಬ್ಬರು ನೋಡಿ ಹೇಳುತ್ತಾರೆ ಎಂದುಕೊಂಡು ಬೇರೆ ಬೇರೆ ಕೂಡಿಸಿದೆ. ಆಗಲೂ ಹದಿಮೂರು. ದೊಡ್ಡ ಅಕ್ಕೋರು ಬೆತ್ತ ಮುಂದೆ ಮಾಡಿದರು. ನಾನು ಹೊಡೆಯುವವಳಲ್ಲ, ಹೊಡೆಯಲಿಕ್ಕೆ ಸಿಟ್ಟಾದರೂ ಬರಬೇಕಲ್ಲ. ಬೆತ್ತವನ್ನು ಅವರಿಗೇ ವಾಪಸು ಕೊಟ್ಟು, ಮತ್ತೆ ಹತ್ತು ಮಾತಿನ ಲೆಕ್ಕ ಹೇಳಿದೆ. ಯಾವುದು ಸರಿ, ಯಾವುದು ತಪ್ಪು ಎಂದು ಒಂದು ಪಾಟಿಯ ಮೇಲೆ ಗುರುತು ಹಾಕುತ್ತ ಹೋದೆ.

ಮರದ ಮೇಲೆ ಹದಿನೈದು ಗಿಳಿ, ಆರು ಹಾರಿಹೋದವು. ಎಲ್ಲರೂ ಸರಿ. ಹದಿನೆಂಟು ಕುರಿಯಲ್ಲಿ ಐದು ದಾರಿ ತಪ್ಪಿದವು. ಎಲ್ಲರೂ ಸರಿ. ಬಾವಿಗೆ ಬಿದ್ದ ಕೊಡ, ಒಡೆದ ಗಡಿಗೆ, ಬೆಕ್ಕು ತಿಂದ ಬೆಣ್ಣೆಮುದ್ದೆ, ಎಲ್ಲವೂ ಸರಿಯಾಗಿ ಕಳೆದವು. ನೆರೆಮನೆಗೆ ಕೊಟ್ಟಳು, ಅಕ್ಕನಿಗೆ ಕಳಿಸಿದಳು, ಬೀಗರಿಗೆ ಮುಟ್ಟಿಸಿದಳು, ಇವು ಮಾತ್ರ ತಪ್ಪು. ಪ್ರತಿಯೊಂದೂ ಒಂದು ಹೆಚ್ಚು.

ಹಾರಿದ್ದು ಸರಿ, ಕೊಟ್ಟದ್ದು ತಪ್ಪು. ಇದೆಂಥ ವಿಚಿತ್ರ ಎನ್ನಿಸಿತು. ಕಣಕುಂಬಿಯ ಹುಡುಗಿಯನ್ನು ಎಬ್ಬಿಸಿ, ಎಂಟು ಕಳಿಸಿದ ಮೇಲೆ ಹದಿಮೂರು ಹೇಗೆ ಉಳಿದವೆಂದು ಕೇಳಿದೆ.

"ಹನ್ನೆರಡ ಉಳಿತಾವ್ರಿ ಅಕ್ಕೋರ," ಎಂದಳು. "ಆದ್ರ ಬುಟ್ಟಿ ಬರೇ ಬರಂಗಿಲ್ಲಲ್ಲರಿ. ಆ ಮನಿಯವ್ರು ಒಂದರ ಹಾಕಿ ಕಳಸ್ತಾರ."

ನಮ್ಮ ಪೇಟೆಯಲ್ಲೂ ಹಾಗೆಯೇ ಅಲ್ಲವೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ತಿರುಗಿಸಿದವರಿಲ್ಲ. ಒಂದು ಹಣ್ಣೋ, ಒಂದು ಹಿಡಿ ಅಕ್ಕಿಯೋ, ಏನೂ ಇಲ್ಲವಾದರೆ ಒಂದು ಬೆಲ್ಲದ ಹರಳೋ ಹಾಕಿಯೇ ಕೊಡಬೇಕು. ಬರಿದು ಕೊಡುವುದೆಂದರೆ ಆ ಮನೆಗೆ ಕೇಡು ಬಯಸಿದ ಹಾಗೆ. ನಡೆಯಲಿಕ್ಕೆ ಬರುವ ವಯಸ್ಸಿನಿಂದ ಈ ಹುಡುಗಿಯರು ಬುಟ್ಟಿ ಒಯ್ಯುವವರು, ಬುಟ್ಟಿ ತರುವವರು. ನಮ್ಮ ಅಂಕಗಣಿತದ ಪುಸ್ತಕ ಮುಟ್ಟುವುದಕ್ಕೆ ಬಹಳ ಮೊದಲೇ ಈ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಬಾಗಿಲ ಬಳಿಯ ಹುಡುಗಿಯನ್ನು ಕೇಳಿದೆ. ಅವರ ಮನೆಯಲ್ಲಿ ಒಂಟಿ ಕೊಡುವುದಿಲ್ಲವಂತೆ, ಜೋಡಿಯೇ ಕೊಡಬೇಕಂತೆ. ಹಾಗಾಗಿ ಹದಿನಾಲ್ಕು.

ಪುಸ್ತಕದಲ್ಲಿ ಹಾಗೆ ಹೇಳಿಲ್ಲವಲ್ಲ ಎಂದೆ.

"ಹೇಳೂದ್ಯಾಕ್ರಿ?" ಎಂದಳು ಕಣಕುಂಬಿಯವಳು. "ಎಲ್ಲಾರಿಗೂ ಗೊತ್ತ ಐತಲ್ಲರಿ."

ಅವಳ ಮಾತು ಸರಿಯೇ. ಆದರೆ ಪರೀಕ್ಷೆಗೆ ಎರಡು ತಿಂಗಳಿತ್ತು. ವರ್ಷಕ್ಕೊಮ್ಮೆ ಸಾಲೆಯ ತಪಾಸಣೆಗೆ ಬರುವ ಸಾಹೇಬರು, ನಾವು ದಿಪೋಟಿ ಎನ್ನುತ್ತಿದ್ದವರು, ಒಬ್ಬೊಬ್ಬಳನ್ನೇ ಎದುರು ನಿಲ್ಲಿಸಿಕೊಂಡು ಐದು ಮಾತಿನ ಲೆಕ್ಕ ಕೇಳುತ್ತಿದ್ದರು. ಮೂರಾದರೂ ಸರಿಯಾಗಬೇಕು. ಇಲ್ಲದಿದ್ದರೆ ಓದು ಬರಹ ಎಷ್ಟೇ ಚೆನ್ನಾಗಿರಲಿ, ಇಯತ್ತೆ ದಾಟುವಂತಿಲ್ಲ.

ಮಗಳ ಬುಟ್ಟಿಯನ್ನು ಸಾಲೆಗೆ ತಂದೆ. ಇಪ್ಪತ್ತು ಹುಣಸೆಬೀಜ ತೊಳೆದು ಒಣಗಿಸಿ ಅದರಲ್ಲಿ ಹಾಕಿದೆ. ಕೊಡುವುದು, ಉಳಿಯುವುದು, ಎಣಿಸುವುದು. ಬೀಜ ಕೈಯಲ್ಲಿದ್ದಾಗ ಎಲ್ಲ ಸರಿ. ಬುಟ್ಟಿ ಒಬ್ಬಳಿಂದ ಇನ್ನೊಬ್ಬಳಿಗೆ ಹೋಯಿತೋ, ತೆಗೆದುಕೊಂಡವಳು ತನಗೇ ಅರಿವಿಲ್ಲದೆ ಒಂದು ಬೀಜ ಒಳಗೆ ಬಿಟ್ಟೇ ತಿರುಗಿ ಕೊಡುವಳು. ನಗಬೇಕಾದ ಸಂಗತಿ. ದೊಡ್ಡ ಅಕ್ಕೋರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಪುಸ್ತಕದ ಮಂದಿ ಬೇರೆ ಊರಿನವರು ಎಂದೆ. ಯಾವ ಊರ್ರಿ ಎಂದು ಹುಡುಗಿಯರು ಕೇಳಿದರು. ಅವರಲ್ಲಿ ಪದ್ಧತಿ ಬೇರೆ ಎಂದೆ. ಹಣ್ಣು ತಿಂದು ಬುಟ್ಟಿ ಬರಿದು ಕಳಿಸುವ ಊರು ಎಲ್ಲಿದ್ದೀತು ಎಂದು ಅವರವರೇ ಗುಸುಗುಸು ಮಾತಾಡಿಕೊಂಡರು.

ಹೀಗೆ ಒಂದು ತಿಂಗಳು ಹೋಯಿತು. ಒಂದು ಮಧ್ಯಾಹ್ನ, ಏನೂ ಯೋಚಿಸದೆ, ನಾನು ಆ ಮಾತು ಹೇಳಿಬಿಟ್ಟೆ.

"ಸತ್ತ ಮನಿಂದ ಬುಟ್ಟಿ ಹೆಂಗ ಬರತೈತಿ?"

ಎಲ್ಲರಿಗೂ ಗೊತ್ತಿತ್ತು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆರೆಯವರು ಅನ್ನ, ಸಾರು ಮಾಡಿ ಒಯ್ದು ಕೊಡುತ್ತಾರೆ. ಆ ಪಾತ್ರೆ ತೊಳೆದು ಬರಿದಾಗಿ ತಿರುಗಿ ಬರುತ್ತದೆ. ಅದರಲ್ಲಿ ಏನೂ ಹಾಕುವಂತಿಲ್ಲ, ಹಾಕಿದರೂ ಯಾರೂ ಮುಟ್ಟುವುದಿಲ್ಲ.

"ಪುಸ್ತಕದಾಗ ಕೊಟ್ಟಳು ಅಂತ ಬಂದ್ರ, ಸತ್ತ ಮನಿಗೆ ಕೊಟ್ಟಾಳ ಅಂತ ತಿಳೀರಿ," ಎಂದೆ. "ಆಗ ಲೆಕ್ಕ ತಪ್ಪಂಗಿಲ್ಲ."

ಇಪ್ಪತ್ತರಲ್ಲಿ ಎಂಟು ಕೊಟ್ಟಳು ಎಂದೆ. ಹನ್ನೊಂದು ಪಾಟಿಗಳ ಮೇಲೆ ಹನ್ನೆರಡು. ಹದಿನಾರರಲ್ಲಿ ಏಳು. ಒಂಬತ್ತು, ಒಂಬತ್ತು, ಒಂಬತ್ತು. ಒಂದು ತಿಂಗಳ ಗೋಳು ಒಂದು ಗಳಿಗೆಯಲ್ಲಿ ಮುಗಿಯಿತು. ಪಡಸಾಲೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅದನ್ನು ನಾನು ಶಿಸ್ತು ಎಂದುಕೊಂಡೆ. ಕಣಕುಂಬಿಯವಳು ಉತ್ತರ ಬರೆದು ತೋರಿಸಿದವಳೇ ಪಾಟಿಯನ್ನು ಒರೆಸಿಬಿಟ್ಟಳು. ಒದ್ದೆ ಬಟ್ಟೆ ಹುಡುಕಲಿಲ್ಲ, ಅಂಗೈಯಿಂದಲೇ ಒರೆಸಿದಳು. ಮುಂದಿನ ಲೆಕ್ಕಕ್ಕೂ ಹಾಗೆಯೇ ಮಾಡಿದಳು. ನಾನು ಅದನ್ನು ನೋಡಿದೆ, ಏಕೆ ಎಂದು ಕೇಳಲಿಲ್ಲ.

ಈ ಉಪಾಯ ನನಗೆ ಎಲ್ಲಿಂದ ಹೊಳೆಯಿತೆಂದು ಬೇರೆ ಹೇಳಬೇಕಿಲ್ಲ. ಮಗಳು ಹೋದಾಗ ಪೇಟೆಯ ಏಳು ಮನೆಗಳಿಂದ ಊಟ ಬಂದಿತ್ತು. ಅವ್ವನಿಗೆ ಏಳಲಿಕ್ಕೂ ಆಗುತ್ತಿರಲಿಲ್ಲ. ಪಾತ್ರೆಗಳನ್ನು ನಾನೇ ಬೂದಿ ಹಚ್ಚಿ ತಿಕ್ಕಿದೆ, ನಾನೇ ಮನೆಮನೆಗೆ ಹೋಗಿ ತಿರುಗಿ ಕೊಟ್ಟೆ. ಒಬ್ಬೊಬ್ಬ ಹೆಂಗಸೂ ಪಾತ್ರೆಯ ಒಳಗೆ ನೋಡದೆ ಇಸಿದುಕೊಂಡಳು. ಏಳು ಪಾತ್ರೆ, ಏಳು ಬಾಗಿಲು, ಎಲ್ಲ ಮುಟ್ಟಿತೇ ಎಂದು ಬೆರಳು ಮಡಚಿ ಎಣಿಸಿಕೊಂಡು ಬಂದೆ. ಒಂದೂ ತಪ್ಪಿರಲಿಲ್ಲ. ಅಂಥ ದಿನವೂ ನನ್ನ ಎಣಿಕೆ ಸರಿಯಾಗಿಯೇ ಇತ್ತು ಎಂಬುದು ಈಗ ನೆನೆದರೆ ನನಗೇ ಹೆದರಿಕೆ ಆಗುತ್ತದೆ.

ಪರೀಕ್ಷೆಗೆ ಹತ್ತು ದಿನವಿರುವಾಗ ಕಣಕುಂಬಿಯವಳು ಬಂದು, ಮನೆಯಲ್ಲಿ ಲೆಕ್ಕ ಮಾಡಲಿಕ್ಕೆ ಬುಟ್ಟಿ, ಬೀಜ ಒಯ್ಯಲೇ ಎಂದು ಕೇಳಿದಳು. ಒಯ್ಯಿ ಎಂದೆ. ಇಪ್ಪತ್ತು ಬೀಜ ಎಣಿಸಿ ಹಾಕಿ ಕೊಟ್ಟೆ. ಮಗಳ ಕೈಬಿಟ್ಟ ಮೇಲೆ ಆ ಬುಟ್ಟಿ ಇನ್ನೊಂದು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ದಿಪೋಟಿ ಸಾಹೇಬರು ಬೆಳಗಾವಿಯ ಕಡೆಯಿಂದ ರೈಲಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ. ರುಮಾಲು ತೆಗೆದು ಪಕ್ಕಕ್ಕಿಟ್ಟು, ಹುಡುಗಿಯರನ್ನು ಹೆದರಬ್ಯಾಡ್ರಿ ಎಂದು ನಗಿಸಿ ಕೂತರು. ಸಾಲೆಯನ್ನು ಸಿಂಗರಿಸಿ, ಕೂಡಲಿಕ್ಕೆ ಕುರ್ಚಿ ಬೇಡಿ ತಂದು, ನಾನು ಗೋಡೆಯ ಪಕ್ಕ ನಿಂತಿದ್ದೆ. ಮೊದಲ ಆರು ಹುಡುಗಿಯರು ಸರಸರ ಹೇಳಿದರು. ಕೊಟ್ಟದ್ದು, ಕಳಿಸಿದ್ದು, ಎಲ್ಲ ಸರಿ. ದೊಡ್ಡ ಅಕ್ಕೋರು ನನ್ನ ಕಡೆ ನೋಡಿ ತಲೆದೂಗಿದರು.

ಏಳನೆಯವಳು ಕಣಕುಂಬಿಯ ಹುಡುಗಿ. ಮೊದಲಿನ ಎರಡು ಲೆಕ್ಕ ಪುಸ್ತಕದಿಂದಲೇ ಕೇಳಿದರು, ಎರಡಕ್ಕೂ ಥಟ್ಟನೆ ಉತ್ತರ ಕೊಟ್ಟಳು. ಸಾಹೇಬರಿಗೆ ಖುಷಿಯಾಯಿತು. ನಿನ್ನ ಊರು ಯಾವುದು ಎಂದು ಕೇಳಿದರು. ಕಣಕುಂಬಿ ಎಂದಳು. ಮನೆಯಲ್ಲಿ ಯಾರಿದ್ದಾರೆ ಎಂದರು. ಅಜ್ಜಿ ಎಂದಳು. ಲೆಕ್ಕವೆಂದರೆ ಮಗುವಿನ ಮನೆಯ ಸಂಗತಿಯಾಗಬೇಕು, ಆಗ ತಿಳಿಯುವುದು ಸುಲಭ ಎಂದು ನಮಗೆಲ್ಲ ಟ್ರೇನಿಂಗಿನಲ್ಲಿ ಹೇಳಿದ್ದರು. ಸಾಹೇಬರೂ ಅದನ್ನೇ ನಂಬಿದವರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

"ನಿಮ್ಮ ಅಜ್ಜಿ ಇಪ್ಪತ್ತು ಹಲಸಿನ ಹಪ್ಪಳ ಮಾಡ್ಯಾಳ. ಎಂಟು ಬುಟ್ಟ್ಯಾಗ ಹಾಕಿ ಬಾಜೂ ಮನಿಗೆ ಕೊಟ್ಟು ಕಳಸ್ಯಾಳ. ಈಗ ನಿಮ್ಮ ಮನ್ಯಾಗ ಎಷ್ಟದಾವ?"

ಹುಡುಗಿ ನನ್ನ ಕಡೆ ನೋಡಿದಳು. ಅವಳ ಕಣ್ಣಿನಲ್ಲಿ ಇದ್ದದ್ದು ನನಗೆ ಅರ್ಥವಾಯಿತು, ಅರ್ಥವಾಗಲಿಲ್ಲವೆಂದು ಹೇಳಿ ಪಾರಾಗುವ ಹಾಗಿಲ್ಲ. ಕಣಕುಂಬಿಯ ಆ ಬಾಜೂ ಮನೆ ಅವಳು ಕಂಡ ಮನೆ. ಅದರ ಹೆಂಗಸು, ಅದರ ಮಕ್ಕಳು ಅವಳಿಗೆ ಗೊತ್ತು. ಹನ್ನೆರಡು ಎಂದರೆ ಆ ಮನೆಯಲ್ಲಿ ಹೆಣ ಬಿದ್ದಿದೆ ಎಂದ ಹಾಗೆ. ಹಾಗೆ ಕಲಿಸಿದವಳು ನಾನು.

"ಹದಿಮೂರ್ರಿ," ಎಂದಳು.

ಸಾಹೇಬರು ಮತ್ತೊಮ್ಮೆ ಯೋಚನೆ ಮಾಡು ಎಂದರು. ಹುಡುಗಿಗೆ ಹಪ್ಪಳದಿಂದ ಗೊಂದಲವಾಯಿತೇನೋ ಎಂದು, ಲೆಕ್ಕವನ್ನು ಇನ್ನೂ ಸಣ್ಣದು ಮಾಡಿದರು. ಅಜ್ಜಿಯ ಹತ್ತಿರ ಹತ್ತು ಮಾವಿನಹಣ್ಣು, ಬಾಜೂ ಮನೆಗೆ ನಾಲ್ಕು. ಏಳು ಎಂದಳು. ಅಜ್ಜಿಯ ಹತ್ತಿರ ಆರು ತೆಂಗಿನಕಾಯಿ, ಅತ್ತೆಗೆ ಎರಡು. ಐದು ಎಂದಳು. ಆ ಮನುಷ್ಯ ದಯೆಯಿಂದಲೇ ಒಂದೊಂದು ಮೆಟ್ಟಿಲು ಕೆಳಗೆ ಇಳಿಯುತ್ತಿದ್ದರು, ಒಂದೊಂದರಲ್ಲೂ ಹುಡುಗಿ ನಪಾಸಿನ ಹತ್ತಿರ ಹೋಗುತ್ತಿದ್ದಳು. ಕೊನೆಗೆ ಆರರಲ್ಲಿ ಎರಡು ಹೋದರೆ ಐದು ಹೇಗಾಗುತ್ತದೆ ಎಂದು ಸಾಹೇಬರು ಕೇಳಿದರು. ದನಿಯಲ್ಲಿ ಸ್ವಲ್ಪ ಬೇಸರವಿತ್ತು.

"ನಮ್ಮ ಅತ್ತಿ ಮನ್ಯಾಗ ಯಾರೂ ಸತ್ತಿಲ್ರಿ," ಎಂದಳು ಹುಡುಗಿ.

ಸಾಹೇಬರಿಗೆ ಇದರ ತಲೆಬುಡ ತಿಳಿಯಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬುಟ್ಟಿ ಬರಿದು ಬರುವುದಿಲ್ಲ ಸಾಹೇಬರೆ, ಅದಕ್ಕೇ ಒಂದು ಹೆಚ್ಚು ಎಂದಿದ್ದರೆ ಅವರು ಹುಬ್ಬು ಏರಿಸಿ, ನಕ್ಕು, ಮೂರಕ್ಕೂ ಸರಿ ಎಂದು ಬರೆಯುತ್ತಿದ್ದರೋ ಏನೋ. ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಪಕ್ಕ ನಿಂತೇ ಇದ್ದೆ. ಹೆದರಿಕೆಯಿಂದ ಸುಮ್ಮನಿದ್ದೆ ಎಂದರೆ ನನಗೆ ಸ್ವಲ್ಪ ಮರ್ಯಾದೆಯಾದರೂ ಉಳಿದೀತು. ಹೆದರಿಕೆಯೂ ಇರಲಿಲ್ಲ. ನಾಲಿಗೆ ಎತ್ತಬೇಕು ಎನಿಸಲಿಲ್ಲ. ಏಳು ಬಾಗಿಲಿಗೆ ಏಳು ಪಾತ್ರೆ ಕೊಟ್ಟು ಬಂದ ದಿನದಿಂದ ನಾನು ಹಾಗೆಯೇ ಇದ್ದೆ, ಅಂದೂ ಹಾಗೆಯೇ ಇದ್ದೆ. ಸಾಹೇಬರು ತಮ್ಮ ಕಾಗದದ ಮೇಲೆ ಮೂರು ಸೊನ್ನೆ ಹಾಕಿ, ಪಾಪ ಎಂದು, ಎಂಟನೆಯವಳನ್ನು ಕರೆದರು.

ಉಳಿದ ಹತ್ತು ಮಂದಿ ಪಾಸು. ಸಾಲೆಗೆ ಒಳ್ಳೆಯ ಶೇರಾ ಬಂತು. ಮಾತಿನ ಲೆಕ್ಕ ಚೆನ್ನಾಗಿ ಕಲಿಸಿದ್ದಾರೆ ಎಂದು ಸಾಹೇಬರು ತಪಾಸಣೆ ಪುಸ್ತಕದಲ್ಲಿ ನನ್ನ ವಿಷಯ ಬರೆದು ಹೋದರು. ದೊಡ್ಡ ಅಕ್ಕೋರು ಅದನ್ನು ಎರಡು ಸಲ ಓದಿ ಹೇಳಿದರು.

ಎಂಟು ದಿನದ ಮೇಲೆ ಕಣಕುಂಬಿಯಿಂದ ಗಾಡಿ ಬಂತು. ನಾನು ಅತ್ತೆಯ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು. ಬೆಳಗ್ಗೆ ನೀರು ಕಾಯಿಸಲಿಕ್ಕೆ ಒಲೆಯ ಮುಂದೆ ಕೂತಿದ್ದೆ, ಹುಡುಗಿಯೇ ನನ್ನ ಕೋಣೆಯ ಬಾಗಿಲಿಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು. ಹೊಸ್ತಿಲ ಹೊರಗೇ ನಿಂತು ಎರಡೂ ಕೈಯಿಂದ ಬುಟ್ಟಿ ನೀಡಿದಳು.

"ಬುಟ್ಟಿ ಕೊಡಾಕ ಬಂದೇನ್ರಿ ಅಕ್ಕೋರ. ಹೋಗಿ ಬರ್ತೇನ್ರಿ," ಎಂದಳು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಹೂಂ, ಹೋಗಿ ಬಾ ಎಂದೆ. ಅವಳು ಓಡಿದಳು. ಗಾಡಿಯ ಗಂಟೆ ಸ್ವಲ್ಪ ಹೊತ್ತು ಕೇಳಿಸಿತು.

ಬುಟ್ಟಿಯನ್ನು ಗೂಡಿನಲ್ಲಿಡುವ ಮೊದಲು ಅಭ್ಯಾಸಬಲದಿಂದ ಬೀಜ ಎಣಿಸಿದೆ. ಇಪ್ಪತ್ತು ಇದ್ದವು. ಅವುಗಳ ಕೆಳಗೆ, ಬುಡದಲ್ಲಿ, ಒಂದು ಬೆಲ್ಲದ ಹರಳು ಇತ್ತು. ಅತ್ತೆಯ ಡಬ್ಬಿಯಿಂದ ತೆಗೆದದ್ದಿರಬೇಕು, ಅಂಗೈಯ ಬೆವರಿಗೆ ಸ್ವಲ್ಪ ಕರಗಿ ಎರಡು ಬೀಜ ಅದಕ್ಕೆ ಅಂಟಿಕೊಂಡಿದ್ದವು.

ನಾನು ಖಾನಾಪುರಕ್ಕೆ ಬಂದ ಮೇಲೆ ಯಾರೂ ನನ್ನ ಮನೆಗೆ ಪಾತ್ರೆ ಕೊಟ್ಟವರಿಲ್ಲ, ಇಸಿದುಕೊಂಡವರಿಲ್ಲ. ನನ್ನದು ಆ ಲೆಕ್ಕದಿಂದ ಹೊರಗಿನ ಮನೆ. ಊರಿನ ಹೆಂಗಸರು ಹಾಗೆ ತಿಳಿದಿದ್ದರು, ಅವರಿಗಿಂತ ಮೊದಲೇ ನಾನೂ ಹಾಗೆ ತಿಳಿದಿದ್ದೆ. ಆ ಒಂಬತ್ತು ವರ್ಷದ ಹುಡುಗಿ ಮಾತ್ರ ನನ್ನದನ್ನೂ ಜೀವ ಇರುವ ಮನೆಯೆಂದು ಎಣಿಸಿದ್ದಳು. ಬೀಜ ಬಿಡಿಸಿ ಬೆಲ್ಲ ಬಾಯಿಗೆ ಹಾಕಿಕೊಂಡೆ. ಸಿಹಿ ಗೊತ್ತಾಯಿತು. ಆಮೇಲೆ ಒಲೆಯ ಮುಂದೆ ಕೂತು, ಏಳು ವರ್ಷದ ಮೇಲೆ, ಎದೆ ಬಿರಿಯುವ ಹಾಗೆ ಅತ್ತುಬಿಟ್ಟೆ. ಮಗಳಿಗಾಗಿ ಎಷ್ಟು ಅತ್ತೆನೋ, ಈ ಹುಡುಗಿಗಾಗಿ ಎಷ್ಟು ಅತ್ತೆನೋ ಎಂದು ಲೆಕ್ಕ ಹಾಕಿ ಹೇಳಲಾರೆ.

ಅಳು ನಿಂತ ಮೇಲೆ ಮತ್ತೆ ಹಳೆಯ ಹಾಗೆಯೇ ಆಯಿತು. ಒಂದು ದಿನ ಅತ್ತರೆ ಮನುಷ್ಯ ಬದಲಾಗಿಬಿಡುತ್ತಾನೆ ಎಂದು ನಾನು ನಂಬುವುದಿಲ್ಲ. ಸಾಲೆಗೆ ಹೋದೆ, ಮಗ್ಗಿ ಹೇಳಿಸಿದೆ, ಮಳೆಗಾಲದಲ್ಲಿ ಪಡಸಾಲೆ ಸೋರಿದಾಗ ಗಡಿಗೆ ಇಟ್ಟೆ. ಕಣಕುಂಬಿಗೆ ಹೋಗುವವರು ಸಿಕ್ಕಾಗ ಎರಡು ಸಲ ಹಳೆಯ ಪುಸ್ತಕ ಕೊಟ್ಟು ಕಳಿಸಿದೆ. ಮುಟ್ಟಿದವೋ ಇಲ್ಲವೋ ತಿಳಿಯಲಿಲ್ಲ. ಸತ್ತ ಮನೆಯ ಉಪಾಯವನ್ನು ಮಾತ್ರ ಮತ್ತೆ ಯಾವ ಹುಡುಗಿಗೂ ಹೇಳಲಿಲ್ಲ. ಹೊಸ ಮೂರನೆಯ ಇಯತ್ತೆಯವರೂ ಹದಿಮೂರು ಎಂದರು. ಎನ್ನಲಿ ಎಂದು ಬಿಟ್ಟೆ. ಬುಟ್ಟಿ ಬರಿದು ಬಂತು ಅಂದರೆ ಎಷ್ಟು, ಒಂದು ಹಣ್ಣು ಹಾಕಿ ಬಂತು ಅಂದರೆ ಎಷ್ಟು ಎಂದು ಎರಡನ್ನೂ ಕೇಳುತ್ತಿದ್ದೆ. ಎರಡಕ್ಕೂ ಸರಿಯಾಗಿ ಹೇಳುತ್ತಿದ್ದರು. ಇಷ್ಟು ಸುಲಭವಿತ್ತು.

ಮರುವರ್ಷ ಅದೇ ಸಾಹೇಬರು ಬಂದರು. ರುಮಾಲು ತೆಗೆದಿಟ್ಟು, ಕಾಗದ ಬಿಡಿಸಿ, ಮೊದಲನೆಯ ಹುಡುಗಿಯನ್ನು ಕರೆಯುವುದರೊಳಗೆ ನಾನು ಗೋಡೆ ಬಿಟ್ಟು ಮುಂದೆ ಬಂದೆ. ಕೊಟ್ಟಳು ಎಂಬ ಲೆಕ್ಕ ಕೇಳುವಾಗ ಬುಟ್ಟಿ ಬರಿದು ಬಂತೋ, ತುಂಬಿ ಬಂತೋ ಅದನ್ನೂ ಹೇಳಬೇಕು, ಈ ಊರಿನ ಹುಡುಗಿಯರಿಗೆ ಅದು ತಿಳಿಯದೆ ಲೆಕ್ಕ ಮುಗಿಯುವುದಿಲ್ಲ ಎಂದೆ. ಏಕೆ ಎಂದು ಕೇಳಿದರು. ಎಲ್ಲ ಹೇಳಿದೆ. ಹೋದ ವರ್ಷದ ಹುಡುಗಿ, ಅವಳ ಅಜ್ಜಿಯ ಹಪ್ಪಳ, ನಾನು ಹೇಳಿಕೊಟ್ಟ ಸತ್ತ ಮನೆ, ಏನನ್ನೂ ಬಿಡಲಿಲ್ಲ. ದೊಡ್ಡ ಅಕ್ಕೋರು ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು.

ಸಾಹೇಬರು ಕೈಯಲ್ಲಿದ್ದ ಕಾಗದ ಮಡಚಿದರು, ಮತ್ತೆ ಬಿಡಿಸಿದರು. ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದರು.

"ಕಣಕುಂಬ್ಯಾಗ ಅದಾಳ್ರಿ. ಲಗ್ನ ಗೊತ್ತಾಗೇತಂತ," ಎಂದೆ. "ಆಕಿ ಲೆಕ್ಕ ಸರಿ ಇತ್ರಿ ಸಾಹೇಬರ. ಮೂರೂ ಸರಿ ಇದ್ವು."

ಅವರು ತಲೆ ತಗ್ಗಿಸಿ ಪೆನ್ಸಿಲ್ ಕೈಗೆ ತೆಗೆದುಕೊಂಡರು. ತಿದ್ದಲಿಕ್ಕೆ ಹೋದ ವರ್ಷದ ಕಾಗದ ಅವರ ಹತ್ತಿರ ಇರಲಿಲ್ಲ. ಮೊದಲನೆಯವಳನ್ನು ಕರೆಯಿರಿ ಎಂದರು, ನಾನು ಕರೆದೆ.